ಹದಿನಾರನೇ ಸಾಲು ಖಾಲಿ ಇದ್ದಾಗ

ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ನೆನೆಸಬೇಕು. ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ. ಕಾಲು ಗಂಟೆ ಸಾಕು, ಹೆಚ್ಚಾದರೆ ಬೆರಳಲ್ಲೇ ಮುರಿಯುತ್ತದೆ. ಹಾಗೆ ನೆನೆಸಿದ ಸುಣ್ಣದಿಂದ ಬರೆದ ಅಂಕಿ ಒಣಗಿದ ಮೇಲೆ ಬಣ್ಣದಂತೆ ಕೂರುತ್ತದೆ. ಗಾಳಿಗೆ ಉದುರುವುದಿಲ್ಲ, ಜನ ಮೈ ತಾಗಿಸಿದರೂ ಹೋಗುವುದಿಲ್ಲ. ಒರೆಸಬೇಕೆಂದರೆ ಒದ್ದೆ ಬಟ್ಟೆ ಹಾಕಿ ತಿಕ್ಕಬೇಕು, ತಿಕ್ಕಿದರೂ ಅಕ್ಷರದ ನೆರಳು ಹಲಗೆಯ ಮೇಲೆ ಉಳಿದೇ ಉಳಿಯುತ್ತದೆ. ನನಗೆ ಅದರ ಚಿಂತೆ ಇರಲಿಲ್ಲ. ಐದು ವಿಧಾನಸಭಾ ಚುನಾವಣೆಗಳ ಫಲಿತಾಂಶ ದಾಂಡೇಲಿ ಪೇಟೆಯಲ್ಲಿ ನನ್ನ ಕರಿಹಲಗೆಯ ಮೇಲೆ ಬಂದಿತ್ತು. ಒಂದೇ ಒಂದು ಅಂಕಿಯನ್ನೂ ನಾನು ಒರೆಸಿರಲಿಲ್ಲ.

ಆರನೆಯ ಸಲ ಒರೆಸಿದೆ. ಹೇಗೆ ಒರೆಸುವ ಹಾಗಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಕುಂಚ ಹಿಡಿದವನು. ಅಂಗಡಿಗಳ ಹೆಸರು, ಲಾರಿಗಳ ಹಿಂದಿನ ಸಾಲು, ಮಿಲ್ಲಿನ ಗೇಟಿನ ಎಚ್ಚರಿಕೆ, ಎಲ್ಲ ಬರೆದಿದ್ದೇನೆ. ಆದರೆ ಈ ಊರಿನಲ್ಲಿ ನನ್ನನ್ನು ಜನ ಗುರುತಿಸುವುದು ಎಣಿಕೆಯ ದಿನದ ಬೋರ್ಡಿನಿಂದ. ಆ ದಿನ ಪೇಟೆಯ ಆಲದ ಮರದ ಕೆಳಗೆ ಎರಡು ಪ್ಲೈವುಡ್ ಹಲಗೆ ಜೋಡಿಸಿ ನಿಲ್ಲಿಸುತ್ತೇನೆ. ಮೂರು ದಿನ ಮೊದಲೇ ಕಪ್ಪು ಬಳಿಯಬೇಕು. ಬಣ್ಣಕ್ಕೆ ಇದ್ದಿಲಿನ ಪುಡಿ ಬೆರೆಸುತ್ತೇನೆ, ಇಲ್ಲದಿದ್ದರೆ ಬಿಸಿಲಿಗೆ ಹೊಳೆದು ಓದಲು ಬರುವುದಿಲ್ಲ. ಸುಣ್ಣ ಹಚ್ಚಿದ ದಾರವನ್ನು ಎರಡೂ ಕಡೆ ಎಳೆದು ಹಿಡಿದು ಮಧ್ಯೆ ಮೀಟಿದರೆ ಗೆರೆ ಬೀಳುತ್ತದೆ. ನಮ್ಮ ಕ್ಷೇತ್ರದ ಮತಯಂತ್ರಗಳನ್ನು ಒಂದು ಸುತ್ತಿಗೆ ಹದಿನಾಲ್ಕು ಮೇಜಿನಂತೆ ಎಣಿಸುತ್ತಾರೆ. ಆ ವರ್ಷ ಹದಿನಾರು ಸುತ್ತು. ಹಾಗಾಗಿ ಅಂಚೆ ಮತಕ್ಕೊಂದು ಸಾಲು, ಅದರ ಕೆಳಗೆ ಸುತ್ತುಗಳಿಗೆ ಹದಿನಾರು ಅಡ್ಡಸಾಲು, ಅಭ್ಯರ್ಥಿಗೊಂದು ಕಾಲಂ. ಪೈಪೋಟಿ ಇದ್ದದ್ದು ಮೊದಲ ಕಾಲಂನವರಿಗೂ ಎರಡನೇ ಕಾಲಂನವರಿಗೂ. ಇಲ್ಲಿ ಅವರನ್ನು ಹಾಗೇ ಕರೆಯುತ್ತೇನೆ, ನನ್ನ ಕಥೆಗೆ ಅವರ ಪಕ್ಷ ಬೇಕಾಗಿಲ್ಲ.

ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕ ಮುಂಡಗೋಡದವರಿಗೆ. ಅದು ಪಕ್ಕದ ಕ್ಷೇತ್ರ. ಆದರೆ ಅಲ್ಲಿಯ ಹಳ್ಳಿಗಳಿಂದ ಇಲ್ಲಿ ಕೂಲಿಗೆ ಬಂದವರು ಬಹಳ, ಅವರೂ ತಮ್ಮ ಊರಿನ ಸುದ್ದಿಗೆ ಕಾಯುತ್ತಾರೆ.

ಎಣಿಕೆ ನಡೆಯುವುದು ಘಟ್ಟದ ಕೆಳಗೆ. ಒಳಗೆ ಮೊಬೈಲ್ ಒಯ್ಯುವಂತಿಲ್ಲ. ನನ್ನ ಪರವಾಗಿ ಹಿಂದಿನ ದಿನವೇ ಬಸ್ ಹತ್ತಿ ಅಲ್ಲಿಗೆ ಹೋಗುತ್ತಿದ್ದವರು ಒಬ್ಬ ನಿವೃತ್ತ ಟಪಾಲಿನವರು. ಬೇಲಿಯ ಹೊರಗೆ ನಿಂತು, ಚುನಾವಣಾಧಿಕಾರಿ ಸಹಿ ಮಾಡಿ ಮೈಕಿನಲ್ಲಿ ಹೇಳಿದ ಮೇಲೆಯೇ ಬರೆದುಕೊಂಡು ಫೋನ್ ಮಾಡುತ್ತಿದ್ದರು. ಅವರು ಒಂದೊಂದೇ ಅಂಕಿ ಹೇಳಬೇಕು, ನಾನು ಬರೆದುಕೊಂಡು ತಿರುಗಿ ಓದಿ ಹೇಳಬೇಕು, ಅವರು "ಹೂಂ" ಅನ್ನಬೇಕು. ಆ "ಹೂಂ" ಬರದೆ ಸುಣ್ಣ ಹಲಗೆಗೆ ಮುಟ್ಟಿಸಬಾರದು. ಇದು ನಮ್ಮಿಬ್ಬರ ಕಟ್ಟಳೆ.

ಅದಕ್ಕೇ ಪೇಟೆಯಲ್ಲಿ ಪಂಥ ಕಟ್ಟುವವರು ಬೋರ್ಡಿನ ಮೇಲೆ ಕಟ್ಟುತ್ತಿದ್ದರು. ಕೋಳಿ ಊಟ, ಮೀಸೆ ಬೋಳಿಸುವುದು, ಅರ್ಧ ತಲೆ ಬೋಳಿಸುವುದು, ಏನೇ ಇರಲಿ, ತೀರ್ಮಾನ ಒಂದೇ ಮಾತಿನಲ್ಲಿ: "ಬೋರ್ಡ್ ಬರೀತಂದ್ರ ಮುಗೀತು."

ಆ ವರ್ಷ ಮರದ ಕೆಳಗಿನ ಜಾಗ ನನ್ನ ಕೈತಪ್ಪಿತು.

ಕೈತಪ್ಪಿಸಿದವನು ಫ್ಲೆಕ್ಸ್ ಅಂಗಡಿಯವ. ಅವನೂ ನಾನೂ ಏಳನೆಯವರೆಗೆ ಒಂದೇ ಬೆಂಚು. ಅವನ ಅಕ್ಷರ ಕೋಳಿ ಕೆದರಿದಂತೆ, ಕನ್ನಡ ಮಾಸ್ತರರು ನನ್ನ ಪಾಟಿ ತೋರಿಸಿ ಅವನಿಗೆ ಹೊಡೆಯುತ್ತಿದ್ದರು. ಅವನು ಮುಂದೆ ಓದಿದ, ಹುಬ್ಬಳ್ಳಿಗೆ ಹೋಗಿ ಬಂದ, ಮಿಶಿನ್ ಹಾಕಿದ. ಒಂದು ಅಕ್ಷರ ನೆಟ್ಟಗೆ ಬರೆಯಲು ಬಾರದವನು ಇಡೀ ಊರಿಗೆ ಅಕ್ಷರ ಮಾರತೊಡಗಿದ. ಇದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಆದರೆ ಎಣಿಕೆಯ ಹಿಂದಿನ ದಿನ ಮಧ್ಯಾಹ್ನ ಹಲಗೆ ಹೊತ್ತುಕೊಂಡು ಪೇಟೆಗೆ ಬಂದರೆ, ನನ್ನ ಮರದ ಕೆಳಗೆ ಕಬ್ಬಿಣದ ಚೌಕಟ್ಟು ಎದ್ದಿತ್ತು. ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ಎಲ್ಇಡಿ ಪರದೆ. ಪುರಸಭೆಯ ಪರವಾನಗಿ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕಂಬಕ್ಕೆ ಕಟ್ಟಿದ್ದ. ಆ ಜಾಗಕ್ಕೆ ಪರವಾನಗಿ ಬೇಕೆಂಬುದೇ ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

"ಬಾರೋ, ಬಾ," ಅಂದ ಅವನು. ಇಸ್ತ್ರಿ ಅಂಗಿ, ಕೈಯಲ್ಲಿ ರಿಮೋಟು. "ನಿನ್ನ ಬೋರ್ಡೂ ಇಲ್ಲೇ ಮಗ್ಗಲಕ ಇಡು. ಹಳೇ ಕಾಲದ್ದು ಅಂತ ಮಂದಿ ಫೋಟೋರ ಹೊಡ್ಕೋತಾರ."

ಅವನು ಚುಚ್ಚಲು ಹೇಳಿದನೋ, ಒಳ್ಳೆಯ ಮನಸ್ಸಿನಿಂದ ಹೇಳಿದನೋ, ಆಗ ನನಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

"ನನ್ನ ಬೋರ್ಡಿಗೆ ಮಗ್ಗಲಾ ಬೇಕಾಗಿಲ್ಲ," ಅಂದೆ.

ಎದುರು ಬದಿ ಕ್ಷೌರದಂಗಡಿಯ ಗೋಡೆಗೆ ಹಲಗೆ ಒರಗಿಸಿದೆ. ಅಲ್ಲಿ ನೆರಳಿಲ್ಲ. ಮೇ ತಿಂಗಳ ಬಿಸಿಲು ನೇರ ಮುಖಕ್ಕೇ. ಕ್ಷೌರಿಕ ಹೊರಗೆ ಬಂದು ಹಲಗೆಯನ್ನೂ ಪರದೆಯನ್ನೂ ಒಮ್ಮೆ ನೋಡಿ, "ಛಲೋ ಆತು, ನನ್ನ ಗಿರಾಕಿ ಎಲ್ಲೂ ಹೋಗಾಂಗಿಲ್ಲ," ಅಂದ.

ಎಣಿಕೆ ಎಂಟಕ್ಕೆ ಸುರು. ಮೊದಲು ಅಂಚೆ ಮತ, ಆಮೇಲೆ ಯಂತ್ರ. ಎಂಟೂವರೆಗೆ ನನ್ನ ಹಲಗೆಯ ಮುಂದೆ ಇಪ್ಪತ್ತು ಜನ, ಪರದೆಯ ಮುಂದೆ ಮುನ್ನೂರು. ಅವನು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದ. ಟೀವಿಯವರು ಒಂದು ಸುತ್ತೂ ಮುಗಿಯುವ ಮೊದಲೇ "ಮುನ್ನಡೆ" ತೋರಿಸತೊಡಗಿದರು. ಕೆಂಪು ಅಕ್ಷರ ಹಾರಿ ಬಂದು ಕೂರುತ್ತಿತ್ತು, ಜೊತೆಗೆ ಢಂ ಢಂ ಸದ್ದು. ನನ್ನಲ್ಲಿ ಅಂಚೆ ಮತದ ಸಾಲು ಬಿಟ್ಟರೆ ಎಲ್ಲ ಕಪ್ಪು.

ಚಹಾ ಮಾರುವವಳು ಹದಿನೈದು ವರ್ಷದಿಂದ ನನ್ನ ಹಲಗೆಯ ಕಾಲಬುಡದಲ್ಲೇ ಕಿಟಲಿ ಇಡುತ್ತಿದ್ದವಳು. ಅವತ್ತೂ ಇಟ್ಟಳು. ಒಂಬತ್ತೂವರೆಗೆ ಎತ್ತಿಕೊಂಡಳು.

"ಎಲ್ಲಿಗವ್ವಾ?" ಅಂದೆ.

"ಅಲ್ಲಿ ಮಂದಿ ಭಾಳ ಅದಾರ್ರಿ. ಸಿಟ್ಟಾಗಬ್ಯಾಡ್ರಿ ಪೇಂಟರ, ನಿಮಗ ಬಂದು ಕೊಟ್ಟು ಹೋಗ್ತೇನಿ."

"ಬ್ಯಾಡ. ನನಗ ಚಾ ಸೇರೂದಿಲ್ಲ," ಅಂದೆ. ದಿನಕ್ಕೆ ಎಂಟು ಕುಡಿಯುವವನು ನಾನು.

ಹೊಟ್ಟೆಕಿಚ್ಚು ಎಂಬುದು ಹೊಟ್ಟೆಯಲ್ಲಿ ಇರುವುದಿಲ್ಲ. ಅವತ್ತು ನನಗೆ ಅದು ಕಣ್ಣಲ್ಲಿತ್ತು. ನನ್ನ ಅಂಕಿಗಳ ಮೇಲೆ ಇರಬೇಕಾದ ಕಣ್ಣು ರಸ್ತೆ ದಾಟಿ ಆ ಕಡೆಯೇ ಹೋಗುತ್ತಿತ್ತು. ಅವನ ಕುರ್ಚಿಗಳನ್ನು ಎಣಿಸಿದೆ. ಅವನ ಕೈಕುಲುಕಿದವರನ್ನು ಎಣಿಸಿದೆ. ನಾನು ಹೆಸರು ಬರೆದುಕೊಟ್ಟ ಅಂಗಡಿಕಾರರು ಅವನ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತದ್ದನ್ನು ಒಬ್ಬೊಬ್ಬರನ್ನಾಗಿ ನೋಡಿಕೊಂಡೆ. ಆ ಪರದೆ ಕೆಟ್ಟು ಕಪ್ಪಾಗಲಿ ಎಂದು ಊರ ದೇವರು ದಾಂಡೇಲಪ್ಪನಿಗೆ ತೆಂಗಿನಕಾಯಿಯ ಹರಕೆ ಹೇಳಿಕೊಂಡೆ.

ಕೆಲಸ ಮಾತ್ರ ನಿಲ್ಲಿಸಲಿಲ್ಲ. ಟಪಾಲಿನವರ ಫೋನು ಬರುತ್ತಿತ್ತು. "ಬರ್ಕೋ. ನಾಕು. ಒಂದು. ಸೊನ್ನಿ. ಎಂಟು. ಓದಿ ಹೇಳು." ನಾನು ಓದಿ ಹೇಳುತ್ತಿದ್ದೆ. "ಹೂಂ." ಆಮೇಲೆ ಏಣಿ ಹತ್ತಿ ಬರೆಯುತ್ತಿದ್ದೆ. ಮೊದಲ ಸುತ್ತುಗಳು ಹಳಿಯಾಳ ಕಡೆಯವು. ತೇರಗಾಂವದ ಬೂತುಗಳು ಎರಡನೇ ಕಾಲಂಗೆ ಒಲಿದವು. ದಾಂಡೇಲಿ ಊರಿನವು ಮೊದಲ ಕಾಲಂಗೆ. ಯಾರಿಗೂ ದೊಡ್ಡ ಮುನ್ನಡೆ ಸಿಗಲಿಲ್ಲ, ಒಂದು ಸುತ್ತು ಇವರು ಮೇಲೆ, ಇನ್ನೊಂದು ಸುತ್ತು ಅವರು.

ಏಳನೇ ಸುತ್ತಿನ ಫೋನಿನಲ್ಲಿ ಟಪಾಲಿನವರು ಇನ್ನೊಂದು ಮಾತು ಹೇಳಿದರು.

"ಒಂದು ಮಿಶಿನ್ ಬದಿಗಿಟ್ಟಾರಪಾ. ಮತದಾನದ ದಿನ ಬೆಳಿಗ್ಗೆ ಏಜೆಂಟರ ಮುಂದ ಪರೀಕ್ಷಾಕ್ಕ ಒತ್ತಿದ ಓಟು ಅಳಿಸೂದು ಮರತಾರಂತ. ಕಾಗದದಾಗಿನ ಲೆಕ್ಕಕ್ಕೂ ಮಿಶಿನ್ ತೋರಿಸೂ ಲೆಕ್ಕಕ್ಕೂ ತಾಳೆ ಆಗವಲ್ದು."

"ಹಂಗಾರ?"

"ಕಡೀಗೆ ನೋಡ್ತಾರ. ಗೆಲ್ಲೂ ಅಂತರ ಆ ಬೂತಿನ ಓಟಿಗಿಂತ ಜಾಸ್ತಿ ಇದ್ರ ಬಿಟ್ಟಬಿಡ್ತಾರ. ಕಮ್ಮಿ ಇದ್ರ ಓಟಿನ ಚೀಟಿ ಬೀಳೂ ಡಬ್ಬಿ ಒಡದು ಚೀಟಿ ಎಣಸ್ತಾರ. ಮೂಲ್ಯಾಗ ಬರದಿಡು."

ಬರೆದಿಟ್ಟೆ. ಹನ್ನೊಂದನೇ ಸುತ್ತಿನಲ್ಲಿ ಇನ್ನೊಂದು ಯಂತ್ರದ ಪರದೆ ಬೆಳಗಲಿಲ್ಲ, ಅದನ್ನೂ ಬದಿಗಿಟ್ಟರು. ಕೆಳಮೂಲೆಯಲ್ಲಿ, ಮುಂಡಗೋಡದ ಚೌಕದ ಕೆಳಗೆ, ಒಣ ಸುಣ್ಣದಲ್ಲಿ ಸಣ್ಣದಾಗಿ ಬರೆದೆ: "೨ ಬೂತ್ ಬಾಕಿ." ಇದು ಪರದೆಯಲ್ಲಿ ಇರಲಿಲ್ಲ. ಯಾವ ಟೀವಿಯವನಿಗೂ ಇದರ ಗೊಡವೆ ಇರಲಿಲ್ಲ. ಇಡೀ ಪೇಟೆಯಲ್ಲಿ ಆ ಸುದ್ದಿ ಇದ್ದದ್ದು ನನ್ನ ಹಲಗೆಯ ಮೂಲೆಯಲ್ಲಿ ಮಾತ್ರ.

ಆ ಮೂಲೆಯ ಹತ್ತಿರ ಮುಂಡಗೋಡದ ಅತ್ತಿವೇರಿ ಕಡೆಯ ಒಬ್ಬ ಗೋಡೆ ಕಟ್ಟುವ ಗೌಂಡಿ ಕೂತಿದ್ದ. ಟವೆಲ್ ತಲೆಗೆ ಹಾಕಿಕೊಂಡು, ತನ್ನ ಊರಿನ ಅಂಕಿಗೆ ಕಾಯುತ್ತ, ಹಲಗೆಯ ಆ ಮೂಲೆಗೇ ಒರಗಿದವನು ಆಮೇಲೆ ಏಳಲೇ ಇಲ್ಲ. ನನ್ನ ಕಾಯಂ ಗಿರಾಕಿ ಎಂದರೆ ಅವತ್ತು ಅವನೊಬ್ಬನೇ.

ಅಲ್ಲ, ಇನ್ನೊಬ್ಬನಿದ್ದ. ಮಿಲ್ಲಿನ ಬಾಯ್ಲರಿನಲ್ಲಿ ದುಡಿದು ನಿವೃತ್ತನಾದವನು. ಧಾರವಾಡ ಕಡೆಯವನು, ಮೂವತ್ತು ವರ್ಷದ ಮೀಸೆ. ಬೆಂಕಿಯ ಮುಂದೆ ನಿಂತು ನಿಂತು ಮುಖ ಕಪ್ಪಾಗಿತ್ತು, ಮೀಸೆ ಮಾತ್ರ ಎರಡೂ ಕಡೆ ಕೊಡಲಿಯಂತೆ. ಬೆಳಿಗ್ಗೆ ಟೆಂಪೋ ಓಡಿಸುವ ಒಬ್ಬನೊಂದಿಗೆ ಪಂಥ ಕಟ್ಟಿದ್ದ. ಎರಡನೇ ಕಾಲಂ ಸೋತರೆ ಇವನ ಮೀಸೆ, ಮೊದಲ ಕಾಲಂ ಸೋತರೆ ಟೆಂಪೋದವನ ಮೀಸೆ.

"ಯಾವುದರ ಮ್ಯಾಲೆ?" ಅಂತ ಟೆಂಪೋದವ ಕೇಳಿದ್ದ. "ಟೀವಿ ಮ್ಯಾಲೋ?"

"ಆ ಡಬ್ಬಿ ಹೇಳಿದ್ದಕ್ಕ ನನ್ನ ಮೀಸಿ ಕೊಡ್ಲೇನಲೇ? ಬೋರ್ಡ್ ಮ್ಯಾಲೆ," ಅಂದಿದ್ದ ಬಾಯ್ಲರಿನವ, ನನ್ನ ಕಡೆ ಕೈಮಾಡಿ. ಬೆಳಗಿನಿಂದ ನನ್ನ ಎದೆಗೆ ತಂಪು ಮಾಡಿದ ಮಾತು ಅದೊಂದೇ.

ಎರಡಕ್ಕೆ ಮಿಲ್ಲಿನ ಭೋಂಗಾ ಕೂಗಿತು. ಪಾಳಿ ಮುಗಿದವರು ಸೈಕಲ್, ಬೈಕ್ ಹತ್ತಿ ಪೇಟೆಗೆ ನುಗ್ಗಿದರು. ನನ್ನ ಕಡೆ ಬರುತ್ತಾರೆಂದು ನಿಂತೆ. ಎಲ್ಲರೂ ಪರದೆಯ ಕಡೆ ತಿರುಗಿದರು. ಪರದೆಯಲ್ಲಿ ಆಗಲೇ ಹದಿನಾಲ್ಕು ಸುತ್ತು, ನನ್ನಲ್ಲಿ ಹನ್ನೆರಡು. ಒಬ್ಬ ಹೋಗುತ್ತ ಹೋಗುತ್ತ ಕೂಗಿದ: "ಪೇಂಟರ ಮಾಮಾ, ನಿನ್ನ ಬೋರ್ಡ್ ಇನ್ನೂ ನಿನ್ನೀದ ಎಣಸಾಕತ್ತೈತಿ!"

ನಕ್ಕರು. ಫ್ಲೆಕ್ಸಿನವನೂ ನಕ್ಕ ಎಂದು ನನಗೆ ಕಂಡಿತು.

ಎರಡೂಮುಕ್ಕಾಲಿಗೆ ಹದಿನೈದನೇ ಸುತ್ತು ಬರೆದು ಕೂಡಿಸಿದೆ. ಮೊದಲ ಕಾಲಂ ಆರುನೂರ ಹದಿನಾಲ್ಕು ಮುಂದೆ. ಉಳಿದದ್ದು ಒಂದು ಸುತ್ತು, ಅದರಲ್ಲೂ ಒಂಬತ್ತೇ ಬೂತು, ಎಲ್ಲ ಜೋಯಿಡಾದ ಕಾಡಿನವು, ಕುಂಬಾರವಾಡದ ಆಚೆಯವು.

ಆಗ ಪರದೆ ಕಪ್ಪಾಯಿತು.

ಡೀಸೆಲ್ ಜನರೇಟರು ಗುಡುಗುಡು ಅನ್ನುತ್ತಲೇ ಇತ್ತು, ಹೋದದ್ದು ನೆಟ್. ಎಲ್ಲರ ಮೊಬೈಲೂ ಒಮ್ಮೆಲೇ ಅದನ್ನೇ ನೋಡುತ್ತಿದ್ದರೆ ಟವರ್ ಏನು ಮಾಡೀತು? ಫ್ಲೆಕ್ಸಿನವ ರಿಮೋಟು ಒತ್ತಿದ, ಫೋನು ಎತ್ತಿದ, ಚೌಕಟ್ಟಿನ ಹಿಂದೆ ಹೋಗಿ ಬಂದ. ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವನ ಅಂಗಿ ಒದ್ದೆಯಾದದ್ದು ನೋಡಿ ನನಗೆ ನೀರು ಕುಡಿದಷ್ಟು ಸುಖವಾಯಿತು.

ಜನ ಎದ್ದರು. ರಸ್ತೆ ದಾಟಿದರು. ಐದು ನಿಮಿಷದಲ್ಲಿ ನನ್ನ ಹಲಗೆಯ ಮುಂದೆ ಕಾಲಿಡಲು ಜಾಗವಿಲ್ಲ. ಚಹಾದವಳು ಕಿಟಲಿ ಎತ್ತಿಕೊಂಡು ಬಂದು ಹಳೆಯ ಜಾಗದಲ್ಲಿ ಇಟ್ಟಳು, ನನ್ನ ಮುಖ ನೋಡಲಿಲ್ಲ.

"ಏನಾತ್ರಿ ಪೇಂಟರ?" "ಕಡೀ ಸುತ್ತು ಬಂತೇನು?" "ಜಲ್ದಿ ಬರೀರಿ!"

ಟಪಾಲಿನವರಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. "ಸಂಪರ್ಕ ಸಾಧ್ಯವಿಲ್ಲ." ಅದೇ ಟವರ್ ನನ್ನದೂ ಎಂಬುದು ಆಗ ನೆನಪಾಗಲಿಲ್ಲ. ಆ ಹೊತ್ತಿಗೆ ಮೊದಲ ಕಾಲಂನ ಒಬ್ಬ ಕಾರ್ಯಕರ್ತ ಬೈಕಿನಲ್ಲಿ ಬಂದ, ಮೈತುಂಬ ಗುಲಾಲು.

"ಮುಗೀತ್ರಿ! ಕೆಳಗಿಂದ ಮೆಸೇಜ್ ಬಂದೈತಿ. ನಾವ ಗೆದ್ವಿ. ಬರೀರಿ ಬೋರ್ಡಿಗೆ!"

"ಸುತ್ತಿನ ಅಂಕಿ ಎಷ್ಟು?"

"ಅಂಕಿ ಯಾವನಿಗೆ ಬೇಕ್ರಿ, ಗೆದ್ದೇವಿ ಅಂದ್ರ ಗೆದ್ದೇವಿ."

ನಾನು ರಸ್ತೆಯಾಚೆ ನೋಡಿದೆ. ಫ್ಲೆಕ್ಸಿನವ ಏಣಿಯ ಮೇಲೆ ನಿಂತು ಯಾವುದೋ ವೈರ್ ಎಳೆಯುತ್ತಿದ್ದವನು ನನ್ನ ಕಡೆಯೇ ನೋಡುತ್ತಿದ್ದ. ಯಾವ ಕ್ಷಣಕ್ಕಾದರೂ ಅವನ ಪರದೆ ಹೊತ್ತಿಕೊಳ್ಳಬಹುದು. ಹೊತ್ತಿಕೊಂಡರೆ ಕೆಂಪು ಅಕ್ಷರ ಹಾರಿ ಬರುತ್ತದೆ, ಈ ಜನ ಮತ್ತೆ ಬೆನ್ನು ತಿರುಗಿಸುತ್ತಾರೆ, ಐದು ಚುನಾವಣೆ ಬರೆದ ನಾನು ಆರನೆಯದರ ಕೊನೆಯ ಸಾಲನ್ನು ಖಾಲಿ ರಸ್ತೆಗೆ ಬರೆಯುತ್ತೇನೆ. ಒಂಬತ್ತು ಬೂತಿನಲ್ಲಿ ಆರುನೂರು ಓಟು ಎಲ್ಲಿ ಹೋದಾವು, ಕಳೆದ ಎರಡು ಸಲವೂ ಆ ಕಾಡು ಮೊದಲ ಕಾಲಂನ ಕಡೆಯೇ ಇತ್ತಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಊಹಿಸಿ ಹೇಳುವವರನ್ನು ಇಪ್ಪತ್ತೈದು ವರ್ಷ ಬೈದವನು ನಾನೇ.

ಏಣಿ ಹತ್ತಿದೆ. ನೆನೆಸಿದ ಸುಣ್ಣ ತೆಗೆದುಕೊಂಡೆ. ಮೊದಲ ಕಾಲಂನ ಬುಡದಲ್ಲಿ, ಒಂದೂವರೆ ಗೇಣು ಎತ್ತರದ ಅಕ್ಷರದಲ್ಲಿ ಬರೆದೆ: ಆಯ್ಕೆ.

ಒಳ್ಳೆಯ ಅಕ್ಷರ. ಅವಸರದಲ್ಲೂ ಗೆರೆ ಸೊಟ್ಟಗಾಗಲಿಲ್ಲ.

"ಹದಿನಾರನೇ ಸಾಲು ಖಾಲಿ ಐತಲ್ರಿ?" ಅಂದಳು ಚಹಾದವಳು ಕೆಳಗಿನಿಂದ.

"ನೀ ಚಾ ಕಾಸು," ಅಂದೆ.

ಕೇಕೆ ಎದ್ದಿತು. ಪಟಾಕಿಯ ಸರ ಹಚ್ಚಿದರು. ಯಾರೋ ನನ್ನ ತಲೆಗೆ ಗುಲಾಲು ಸುರಿದರು. ಏಣಿಯ ಮೇಲಿಂದ ನಾನು ನೋಡಿದ್ದು ಒಂದೇ ಕಡೆ. ಫ್ಲೆಕ್ಸಿನವ ವೈರ್ ಬಿಟ್ಟು ಕೈ ಕೆಳಗಿಳಿಸಿದ್ದ. ಅವನ ಮುಖ ಸಣ್ಣದಾಗಿತ್ತು. ಅಷ್ಟು ದೂರದಿಂದಲೂ ಅದು ನನಗೆ ಸ್ಪಷ್ಟ ಕಂಡಿತು, ಅದನ್ನು ಮನಸ್ಸು ತುಂಬ ಕಂಡೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಕಾಲ ಬಳಿ ಯಾರೋ ಏಣಿ ತಟ್ಟಿದರು. ಅತ್ತಿವೇರಿಯ ಗೌಂಡಿ. ಗದ್ದಲಕ್ಕೆ ಎಚ್ಚರಾಗಿ ಎದ್ದು ನಿಂತಿದ್ದ. ಅಷ್ಟು ಹೊತ್ತು ಅವನ ಬೆನ್ನಿನ ಹಿಂದಿದ್ದ ಮೂಲೆ ಈಗ ಬಯಲಾಗಿತ್ತು.

"ಪೇಂಟರ, ಇಲ್ಲಿ ಎರಡು ಬೂತ್ ಬಾಕಿ ಅಂತ ಬರದೀರಲ್ರಿ. ಅವು ಬಂದ್ವೇನು?"

ನಾನು ಆ ಅಕ್ಷರ ನೋಡಿದೆ. ನನ್ನ ಕೈಬರಹವೇ. ಎರಡು ಬೂತೆಂದರೆ ಸಾವಿರದ ಮೇಲೆ ಓಟು. ಮುನ್ನಡೆ ಆರುನೂರ ಹದಿನಾಲ್ಕು. ಹದಿನಾರನೇ ಸುತ್ತು ಬಂದು, ಆ ಎರಡು ಡಬ್ಬಿಯ ಲೆಕ್ಕ ತೀರದೆ ಯಾರೂ ಯಾರನ್ನೂ "ಆಯ್ಕೆ" ಅನ್ನುವ ಹಾಗಿರಲಿಲ್ಲ. ಇದು ಪೇಟೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದವನೇ ಬರೆದಿದ್ದೆ.

ಮೊದಲು ನೆನಪಾದದ್ದು ಮೀಸೆ.

ಏಣಿಯಿಂದ ಹಾರಿದೆ. ಕ್ಷೌರದಂಗಡಿ ನಾಲ್ಕೇ ಹೆಜ್ಜೆ. ಜನರನ್ನು ನೂಕಿ, "ತಡಿ! ತಡೀಲೇ!" ಎಂದು ಕೂಗಿದೆ. ಪಟಾಕಿಯ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಒಳಗೆ ಹೋಗುವ ಹೊತ್ತಿಗೆ ಬಾಯ್ಲರಿನವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಎಡಗಡೆಯ ಮೀಸೆ ಹೋಗಿತ್ತು. ಬಲಗಡೆಯದು ಇನ್ನೂ ಕೊಡಲಿಯಂತೆ ನಿಂತಿತ್ತು. ಪಕ್ಕದಲ್ಲಿ ಟೆಂಪೋದವ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ನಗುತ್ತಿದ್ದ.

"ತಪ್ಪಾಗೇತಿ," ಅಂದೆ. "ಇನ್ನೂ ಮುಗದಿಲ್ಲ. ಎರಡು ಬೂತ್ ಬಾಕಿ ಅದಾವು."

ಬಾಯ್ಲರಿನವ ಕಣ್ಣು ತೆರೆದ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ, ಆಮೇಲೆ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದ.

"ನೀ ಬರದಿ," ಅಂದ.

"ಹೌದು."

"ನೀನ ಬರದಿ?"

"ನಾನ ಬರದೆ. ಹೊಟ್ಟಿಕಿಚ್ಚಿನ್ಯಾಗ ಬರದೆ."

ಕ್ಷೌರಿಕ ಕತ್ತಿ ಹಿಡಿದು ನಿಂತೇ ಇದ್ದ. "ಈಗ ಇದನ್ನೇನು ಮಾಡ್ಲ್ರೀ? ಅರ್ಧ ಬಿಟ್ರ ಮನಿಗೆ ಹೆಂಗ ಹೋಗ್ತಾರ?"

"ತಗೀ," ಅಂದ ಬಾಯ್ಲರಿನವ.

ನಾನು ಹೊರಗೆ ಬಂದೆ. ಮೆಸೇಜು ತಂದವನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಅವನು ಅಲ್ಲೇ ಕುಣಿಯುತ್ತಿದ್ದ, ಜನ ನಂಬುತ್ತಲೂ ಇದ್ದರು. ಅಥವಾ ಸುಮ್ಮನೆ ಕಾಯಬಹುದಿತ್ತು, ಕೊನೆಗೆ ಮೊದಲ ಕಾಲಂ ಗೆದ್ದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಗೆಲ್ಲಲಿ ಎಂದೂ ಬೇಡಿಕೊಂಡೆ. ಆದರೆ ಆಗಲೂ ಆ ಸಾಲನ್ನು ಬರೆದದ್ದು ನಾನಲ್ಲ, ನನ್ನ ಅದೃಷ್ಟ ಎಂದಾಗುತ್ತಿತ್ತು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿದೆ. ಏಣಿ ಹತ್ತಿ ಎಲ್ಲರ ಎದುರು ತಿಕ್ಕತೊಡಗಿದೆ.

ಗದ್ದಲ ಒಂದೊಂದೇ ಕಡೆಯಿಂದ ನಿಂತಿತು. "ಏ, ಏನ್ ಮಾಡಾಕತ್ತೀ?" ಎಂದು ಕಾರ್ಯಕರ್ತ ನನ್ನ ಕಾಲು ಹಿಡಿದೆಳೆದ. ಒದ್ದು ಬಿಡಿಸಿಕೊಂಡೆ. ಸಕ್ಕರೆ ನೀರಿನ ಸುಣ್ಣ, ಬಿಸಿಲಿಗೆ ಅಷ್ಟರಲ್ಲೇ ಒಣಗಿ ಕಲ್ಲಾಗಿತ್ತು. ತಿಕ್ಕಿದಷ್ಟೂ ಬೂದಿ ಬಣ್ಣವಾಗಿ ಹರಡಿತೇ ಹೊರತು ಹೋಗಲಿಲ್ಲ. ಭುಜ ಬಿದ್ದುಹೋಯಿತು. ಅದರ ಕೆಳಗೆ ಬರೆದೆ: "ಮೇಲಿನದು ನನ್ನ ತಪ್ಪು. ೨ ಬೂತ್ ಬಾಕಿ."

ಹಿಂದಿನಿಂದ ಯಾರೋ ಇನ್ನೊಂದು ಒದ್ದೆ ಬಟ್ಟೆ ಚಾಚಿದರು. ತಿರುಗಿದರೆ ಫ್ಲೆಕ್ಸಿನವ. ಅವನ ಪರದೆ ಹೊತ್ತಿಕೊಂಡಿತ್ತು. ಅದರಲ್ಲಿ ಬೆಂಗಳೂರಿನ ಸುದ್ದಿ ಓಡುತ್ತಿತ್ತು, ನಮ್ಮ ಕ್ಷೇತ್ರದ ಹೆಸರೇ ಇರಲಿಲ್ಲ.

"ಸಾಕು ಬಿಡೋ," ಅಂದ. "ಟೀವಿಯವ್ರು ಮುಂಜಾನಿಂದ ನಾಕು ಸಲ ತಪ್ಪ ಹೇಳ್ಯಾರ."

"ಅವರ ಮಾತು ಅವರಿಗೆ. ನೀ ಹೋಗು."

ಅವನು ಹೋಗಲಿಲ್ಲ. ಕ್ಷೌರದಂಗಡಿಯ ಬಾಗಿಲಲ್ಲಿ ಬಾಯ್ಲರಿನವ ಬಂದು ನಿಂತಿದ್ದ. ಬೋಳು ತುಟಿ ಸುತ್ತಲಿನ ಕಪ್ಪು ಮುಖದಲ್ಲಿ ಬೆಳ್ಳಗೆ, ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು. ಫ್ಲೆಕ್ಸಿನವ ಬಹಳ ಹೊತ್ತು ಅದನ್ನೇ ನೋಡಿದ.

"ನಾಕು ಸಲ ತಪ್ಪ ಹೇಳಿದ್ರೂ," ಅಂದ ಮೆಲ್ಲಗೆ, "ನನ್ನ ಪರದೆ ನೋಡಿ ಒಬ್ಬನೂ ಮೀಸಿ ಬೋಳಿಸ್ಕೊಳ್ಳಲಿಲ್ಲ."

ಇದನ್ನು ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ. ಅವನ ಕಣ್ಣು ನೋಡಿದರೆ ಹಾಗಿರಲಿಲ್ಲ. ಏಳನೇ ಇಯತ್ತೆಯಲ್ಲಿ ಮಾಸ್ತರರು ನನ್ನ ಪಾಟಿ ಎತ್ತಿ ಹಿಡಿದಾಗ ಅವನು ಹೇಗೆ ನೋಡುತ್ತಿದ್ದನೋ ಹಾಗೆಯೇ ನೋಡುತ್ತಿದ್ದ. ಬೆಳಗಿನಿಂದ ನಾನು ಅವನ ಕುರ್ಚಿ ಎಣಿಸಿದಂತೆ ಅವನೂ ನನ್ನಲ್ಲಿ ಏನನ್ನೋ ಎಣಿಸುತ್ತಿದ್ದನೆಂದು ಆಗ ತಿಳಿಯಿತು. ತಿಳಿದು ಖುಷಿಯಾಯಿತು ಎಂದರೆ ನಾಚಿಕೆ, ಆದರೆ ಆಯಿತು. ಆ ಖುಷಿಗೆ ಕೊಟ್ಟ ಬೆಲೆ ಬಾಗಿಲಲ್ಲಿ ಬೋಳು ತುಟಿ ಹೊತ್ತು ನಿಂತಿತ್ತು.

ಮೂರೂವರೆಗೆ ಟಪಾಲಿನವರ ಫೋನು ಹತ್ತಿತು. ಕಾಡಿನ ಬೂತುಗಳು ಈ ಸಲ ಮಗ್ಗಲು ಬದಲಿಸಿದ್ದವು. ಹದಿನಾರನೇ ಸುತ್ತು ಮುಗಿದಾಗ ಮೊದಲ ಕಾಲಂ ಬರೀ ಎಪ್ಪತ್ನಾಲ್ಕು ಮುಂದೆ. ಚೀಟಿ ಎಣಿಸುತ್ತಿದ್ದಾರೆ ಅಂದರು.

"ನೀ ಏನೂ ಬರದಿಲ್ಲಲ್ಲ?" ಅಂತ ಕೇಳಿದರು.

"ಬರದೆ. ಒರಸಿದೆ."

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು. ಆಮೇಲೆ, "ಸುತ್ತಿನ ಅಂಕಿ ಬರ್ಕೋ," ಅಂದರು. ಬರೆದುಕೊಂಡೆ. ಓದಿ ಹೇಳಿದೆ. "ಹೂಂ" ಅಂದರು. ಹದಿನಾರನೇ ಸಾಲು ತುಂಬಿತು.

ಐದೂಕಾಲಿಗೆ ಕೊನೆಯ ಫೋನು. ಎರಡು ಡಬ್ಬಿಯ ಚೀಟಿ ಎಣಿಸಿ, ಪರೀಕ್ಷೆಯ ಚೀಟಿ ಬೇರೆ ಮಾಡಿ, ನಿಯಮದಂತೆ ಆರಿಸಿದ ಬೇರೆ ಐದು ಬೂತಿನ ಚೀಟಿಯನ್ನೂ ತಾಳೆ ನೋಡಿ, ಅಧಿಕಾರಿ ಸಹಿ ಮಾಡಿದ್ದರು. ಎರಡನೇ ಕಾಲಂ ನೂರ ಮೂವತ್ತೊಂದು ಓಟಿನಿಂದ ಆಯ್ಕೆ.

ಅಷ್ಟರಲ್ಲಿ ಪರದೆಯ ಮೇಲೂ ಅದು ಬಂದುಬಿಟ್ಟಿತ್ತು. ಆ ಕಡೆ ಕೇಕೆ ಎದ್ದಿತ್ತು. ಆದರೆ ಬಾಯ್ಲರಿನವ ಪರದೆಗೆ ಬೆನ್ನು ಹಾಕಿ, ಕೈ ಕಟ್ಟಿ, ನನ್ನ ಹಲಗೆಯ ಮುಂದೆಯೇ ನಿಂತಿದ್ದ. ಅವನ ಪಕ್ಕದಲ್ಲಿ ಟೆಂಪೋದವ. ನಾನು ಎರಡನೇ ಕಾಲಂನ ಬುಡದಲ್ಲಿ ಬರೆದು ಇಳಿಯುವವರೆಗೂ ಇಬ್ಬರೂ ಅಲುಗಲಿಲ್ಲ.

"ಇದ್ಹೆಂಗ?" ಅಂದ ಟೆಂಪೋದವ. "ಒಮ್ಮೆ ಮುಗದ ಪಂಥ ಮುಗೀತ್ರಿ. ಬೋರ್ಡ್ ಬರದಿತ್ತಲ್ಲ?"

"ಪೇಂಟರನ ಹೇಳಲಿ," ಅಂದ ಬಾಯ್ಲರಿನವ.

"ಮೊದಲನೇದು ಬೋರ್ಡ್ ಬರದದ್ದಲ್ಲ," ಅಂದೆ. "ನಾ ಬರದದ್ದು. ಬೋರ್ಡ್ ಬರದದ್ದು ಇದು."

ಟೆಂಪೋದವ ಗೊಣಗುತ್ತ ಕುರ್ಚಿಗೆ ಹೋದ. ಬಾಯ್ಲರಿನವ ಒಳಗೆ ಹೋಗಿ ನೋಡಲೂ ಇಲ್ಲ, ನಗಲೂ ಇಲ್ಲ. ಬೋಳು ತುಟಿಯ ಮೇಲೆ ಕೈ ಮುಚ್ಚಿಕೊಂಡು ಮನೆಯ ಕಡೆ ನಡೆದ.

ಅವನ ಮನೆಗೆ ದಾರಿ ನನ್ನ ಅಂಗಡಿಯ ಮುಂದೆಯೇ. ಮಳೆಗಾಲ ಪೂರ್ತಿ ಅವನು ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ನಾನು ಕುಂಚ ನಿಲ್ಲಿಸಿ ಆ ತುಟಿ ನೋಡುತ್ತಿದ್ದೆ. ಮೊದಲು ಚುಕ್ಕೆ, ಆಮೇಲೆ ಗೆರೆ. ಬೆಳೆದದ್ದು ಮೊದಲಿಗಿಂತ ಬೆಳ್ಳಗೆ. ಅವನು ನನ್ನನ್ನು ಮಾತಾಡಿಸುತ್ತಿರಲಿಲ್ಲ, ನಾನೂ ಕರೆಯುತ್ತಿರಲಿಲ್ಲ. ದಸರೆಯ ಹೊತ್ತಿಗೆ ಒಂದು ದಿನ ಹಾಲಿನ ಚೀಲ ಹಿಡಿದವನು ನಿಂತ. ಎರಡೂ ತುದಿ ತಿರುವಿ ತೋರಿಸಿದ.

"ಬಂತು ನೋಡು."

"ಬಂತು," ಅಂದೆ.

"ಮುಂದಿನ ಇಲೆಕ್ಷನ್ನಿಗೆ ಮತ್ತ ಪಂಥ ಕಟ್ಟಾಂವ ಅದೇನಿ. ಬೋರ್ಡ್ ಮ್ಯಾಲೇನ. ಆ ಡಬ್ಬಿ ಮ್ಯಾಲೆ ಅಲ್ಲ."

ನನಗೆ ಮೊದಲು ನೆನಪಾದದ್ದು ಫ್ಲೆಕ್ಸಿನವ. ಇದನ್ನು ಅವನು ಕೇಳಬೇಕಿತ್ತು ಅನ್ನಿಸಿತು. ಆ ಚಟ ನನಗೆ ಇನ್ನೂ ಹೋಗಿಲ್ಲ.

ಬಾಯ್ಲರಿನವ ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಆದ್ರ ನೀ ಬರದ ಮ್ಯಾಲೆ," ಅಂದ, "ಒಂದು ತಾಸು ತಡದು ಕುರ್ಚಿಗೆ ಕೂಡ್ತೇನಿ."